ಹೊಳೆ ದಾಟಿಸಿ ಬಿಟ್ಟ ಬೆಕ್ಕು

ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಈ ಮಾತನ್ನು ಮೊದಲು ಯಾರು ಹೇಳಿಟ್ಟು ಹೋದರೋ ಅವರು ನನ್ನ ಕೈಗೆ ಸಿಕ್ಕಿದ್ದರೆ ಒಂದು ವಾರ ನಮ್ಮ ಮಿಲ್ಲಿನ ಹಿಂದೆ ಕೂರಿಸಿ ನೋಡಿ ಅನ್ನುತ್ತಿದ್ದೆ. ಆ ಒಂದು ಮಾತಿನಿಂದಾಗಿ ನಮ್ಮ ಕಡೆ ಯಾರೂ ಬೆಕ್ಕನ್ನು ಕೊಲ್ಲುವುದಿಲ್ಲ. ಕೊಲ್ಲುವುದಿಲ್ಲ ಎಂದ ಮಾತ್ರಕ್ಕೆ ಸಾಕುತ್ತಾರೆ ಎಂದು ತಿಳಿಯಬೇಡಿ. ಗೋಣಿಯೊಳಗೆ ಹಾಕಿ, ಬಾಯಿ ಕಟ್ಟಿ, ಗಿರಗಿರ ಮೂರು ಸುತ್ತು ತಿರುಗಿಸಿ, ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ತಿಳಿಯುವುದಿಲ್ಲ ಎಂಬುದು ಇನ್ನೊಂದು ನಂಬಿಕೆ. ಆಮೇಲೆ ಅದು ಸತ್ತರೆ ಪಾಪ ಹೊಳೆಯಾಚೆಯವರ ತಲೆಗೆ.

ಹೊಳೆಯಾಚೆಯವರು ಅಂದರೆ ನಾವು. ಸುಳ್ಯದಿಂದ ಜಾಲ್ಸೂರಿಗೆ ಹೋಗುವ ದಾರಿಯಲ್ಲಿ, ಹೊಳೆಯ ಮೇಲಿನ ಸಂಕ ದಾಟಿದ ಕೂಡಲೇ ಎಡಗಡೆಗೆ ನನ್ನ ಗಂಡ ಕುಕ್ಕಪ್ಪನ ಅಕ್ಕಿ ಮಿಲ್ಲು. ಆಚೆ ದಡದವರು ತಮ್ಮ ಬೆಕ್ಕನ್ನು ಸಂಕ ದಾಟಿಸಿ ನಮ್ಮಲ್ಲಿ ಬಿಡುತ್ತಾರೆ. ಈಚೆ ದಡದವರು ಸಂಕ ದಾಟುವಷ್ಟು ನಡೆಯಲಾರದೆ ಅವರೂ ನಮ್ಮಲ್ಲೇ ಬಿಡುತ್ತಾರೆ. ಮಿಲ್ಲು ಎಂದ ಮೇಲೆ ಇಲಿ ಇದ್ದೇ ಇದೆ, ಬೆಕ್ಕಿನ ಹೊಟ್ಟೆಪಾಡಿಗೆ ತೊಂದರೆಯಿಲ್ಲ ಎಂದು ಎಲ್ಲರಿಗೂ ಸಮಾಧಾನ.

ಒಲೆಯ ಬದಿಯಲ್ಲಿ ಅನ್ನ ಮೀನು ತಿಂದು ಬೆಳೆದ ಬೆಕ್ಕಿಗೆ ಇಲಿ ಹಿಡಿಯುವ ಅಭ್ಯಾಸವೇ ಇರುವುದಿಲ್ಲ ಎಂದರೆ ನಗುತ್ತಾರೆ. ಬೆಕ್ಕಿಗೆ ಮನೆಯ ಮೇಲೆ ಪ್ರೀತಿಯೇ ಹೊರತು ಮನುಷ್ಯರ ಮೇಲೆ ಇಲ್ಲ ಎನ್ನುತ್ತಾರೆ. ಹಾಗೆ ಹೇಳಿದವರ ಬೆಕ್ಕು ಎರಡು ದಿನ ಸಂಕದ ಕಟ್ಟೆಯ ಮೇಲೆ ಕೂತು ಹೋಗುವ ಬರುವ ಪ್ರತಿ ಜೀಪಿನ ಸದ್ದಿಗೂ ಕಿವಿ ನಿಮಿರಿಸಿದ್ದನ್ನು ನಾನು ನೋಡಿದ್ದೇನೆ. ಎಲ್ಲಿಂದ ಬಿದ್ದರೂ ನಾಲ್ಕು ಕಾಲ ಮೇಲೆಯೇ ಬೀಳುತ್ತದಲ್ಲ ಎಂದು ಓಡುವ ಲಾರಿಯಿಂದ ಎಸೆದ ಪುಣ್ಯಾತ್ಮರೂ ಇದ್ದಾರೆ. ಆ ಬೆಕ್ಕಿನ ದವಡೆ ಒಡೆದಿತ್ತು. ಮೂರು ದಿನ ಬಟ್ಟೆಯ ತುದಿಯಲ್ಲಿ ಗಂಜಿನೀರು ಹಿಂಡಿದೆ, ನಾಲ್ಕನೆಯ ದಿನ ಸತ್ತಿತು. ಬೆಕ್ಕಿನ ಬಗ್ಗೆ ನಮ್ಮ ಜನ ನಂಬುವುದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿ, ನಂಬುವವನಿಗೆ ಅನುಕೂಲವಾಗದ್ದು ಅದರಲ್ಲಿ ಒಂದೂ ಇಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಡಿಸೆಂಬರ್. ಕೊಯ್ಲು ಮುಗಿದು ಮಿಲ್ಲಿಗೆ ಬಿಡುವಿಲ್ಲದ ದಿನಗಳು. ಒಂದು ಶನಿವಾರ ಬೆಳಿಗ್ಗೆ ಉಮಿಯ ರಾಶಿಯ ಬದಿಯಲ್ಲಿ ಹೊಸ ಬೆಕ್ಕೊಂದು ಕೂತಿತ್ತು. ಬೂದು ಬಣ್ಣದ ಗಂಡು, ಎದೆ ಮಾತ್ರ ಬಿಳಿ. ಎರಡು ದಿನದಿಂದ ಅಲ್ಲೇ ಸುತ್ತುತ್ತಿತ್ತು ಎಂದು ಕೆಲಸದವರು ಆಮೇಲೆ ಹೇಳಿದರು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ನನ್ನ ಮಗಳು ನೀಲಾವತಿಗೆ ಆಗ ಒಂಬತ್ತು ವರ್ಷ. ಬಾಯಾರಿಕೆ ಆಗಿರಬೇಕು ಎಂದು ತೆಂಗಿನ ಗೆರಟೆಯಲ್ಲಿ ನೀರು ತೆಗೆದುಕೊಂಡು ಹೋಗಿ ಅದರ ಮುಂದೆ ಇಟ್ಟಳು. ಅದು ನೀರನ್ನು ಮೂಸಿಯೂ ನೋಡಲಿಲ್ಲ. ಅವಳ ಬಲಗೈಗೆ, ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. ಬೆಕ್ಕು ಕಚ್ಚಿದರೆ ಕೂಡಲೇ ಬಿಟ್ಟು ಓಡುತ್ತದೆ. ಇದು ಬಿಡಲಿಲ್ಲ. ನಾನು ಓಡಿ ಬಂದು ಅಂಗಳ ಗುಡಿಸುವ ಹಿಡಿಸೂಡಿಯಿಂದ ಬಡಿದ ಮೇಲೆ ಕೈ ಬಿಟ್ಟು, ಒಂದು ಬದಿಗೆ ವಾಲುತ್ತಾ ಸಂಕದ ಕೆಳಗೆ ಇಳಿದು ಪೊದೆಯೊಳಗೆ ಹೋಯಿತು.

ಸುಳ್ಯದಲ್ಲಿ ನಮಗೆ ಗುರುತಿನ ಡಾಕ್ಟರೊಬ್ಬರಿದ್ದರು. ಅವರು ಗಾಯವನ್ನು ಸಾಬೂನು ಹಾಕಿ ಬಹಳ ಹೊತ್ತು ತೊಳೆದರು. ಬೆಕ್ಕಿಗೂ ಹುಚ್ಚು ಹಿಡಿಯುತ್ತದೆ, ನಾಯಿ ಕಚ್ಚಿದರೆ ಹೇಗೋ ಇದೂ ಹಾಗೆಯೇ, ರೋಗ ಒಮ್ಮೆ ಶುರುವಾದರೆ ಯಾವ ಮದ್ದೂ ಇಲ್ಲ ಎಂದರು. ಬೆಕ್ಕು ಯಾರದ್ದು ಎಂದು ವಿಚಾರಿಸಿ, ಸಿಕ್ಕಿದರೆ ಕಟ್ಟಿ ಹಾಕಿ ಹತ್ತು ದಿನ ನೋಡಿ, ಬದುಕಿ ಉಳಿದರೆ ಹೆದರಬೇಕಾಗಿಲ್ಲ, ನಾಳೆಯೊಳಗೆ ಏನೂ ಗೊತ್ತಾಗದಿದ್ದರೆ ಸೋಮವಾರವೇ ಪುತ್ತೂರಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ ಎಂದರು. ಹೊಕ್ಕುಳಿನ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು.

ಭಾನುವಾರ ಪೂರ್ತಿ ಬೆಕ್ಕನ್ನು ಹುಡುಕಿದೆವು, ಸಿಗಲಿಲ್ಲ. ಮಿಲ್ಲಿಗೆ ಬಂದವರನ್ನೆಲ್ಲ ಹಿಡಿದು ಕೇಳಿದೆ. ಬೂದು ಬಣ್ಣದ, ಬಿಳಿ ಎದೆಯ ಬೆಕ್ಕು ನಿಮ್ಮದಾ? ಬಿಟ್ಟದ್ದು ತಪ್ಪು ಅಂತ ಹೇಳುವುದಿಲ್ಲ, ಬಿಡುವಾಗ ಅದು ಸರಿ ಇತ್ತಾ ಇಲ್ಲವಾ ಅಷ್ಟು ಹೇಳಿ ಸಾಕು. ಒಬ್ಬನೂ ಹೂಂ ಅನ್ನಲಿಲ್ಲ. ವರ್ಷಕ್ಕೆ ಇಪ್ಪತ್ತು ಬೆಕ್ಕು ನಮ್ಮ ಹಿತ್ತಿಲಿಗೆ ಬಂದು ಬೀಳುತ್ತದೆ, ಕೇಳಲು ಹೊರಟರೆ ಯಾವ ಬೆಕ್ಕಿಗೂ ಒಡೆಯನಿಲ್ಲ.

ಮಧ್ಯಾಹ್ನ ಹೊತ್ತಿಗೆ ನನ್ನ ಭಾವ ಮೇದಪ್ಪ ಗೌಡರು ಜೀಪಿನಲ್ಲಿ ಬಂದರು. ನನ್ನ ಗಂಡನ ಅಣ್ಣ. ಗುತ್ತಿಗಾರಿನಲ್ಲಿ ದೊಡ್ಡ ಜಮೀನು, ಊರಿನ ನ್ಯಾಯ ಪಂಚಾಯಿತಿಗೆಲ್ಲ ಅವರೇ ಬೇಕು. ಗುರುವಾರ ಭತ್ತ ಹಾಕಿ ಹೋಗಿದ್ದರು, ಈಗ ಅಕ್ಕಿ ತೆಗೆದುಕೊಂಡು ಹೋಗಲು ಬಂದದ್ದು. ನಾನು ಅವರಿಗೂ ವಿಷಯ ಹೇಳಿದೆ. ಅವರು ನೀಲಾವತಿಯ ಕೈಯನ್ನು ದೂರದಿಂದಲೇ ನೋಡಿ, ಕಾಫಿ ಕುಡಿದು ಮುಗಿಸಿ ಆಮೇಲೆ ಮಾತಾಡಿದರು.

"ಬೆಕ್ಕಿಗೆ ಎಂತ ಹುಚ್ಚು ಪೂವಮ್ಮ? ಹುಚ್ಚು ಹಿಡಿಯುದು ನಾಯಿಗೆ. ಅರಸಿನ ಸುಣ್ಣ ಹಚ್ಚು, ನಾಲ್ಕು ದಿವಸದಲ್ಲಿ ಒಣಗ್ತದೆ. ಹೆಣ್ಣು ಮಗುವಿನ ಹೊಟ್ಟೆಗೆ ಹದಿನಾಲ್ಕು ಸೂಜಿ ಕುತ್ತಿಸಿದ್ರೆ ಗರ್ಭಕೋಶ ಉಳಿತದಾ? ನಾಳೆ ಯಾರಿಗೆ ಕೊಡುದು ಅವಳನ್ನು?"

ಇದನ್ನು ಮಗುವಿನ ಎದುರೇ ಹೇಳಿದರು. ನನ್ನ ಗಂಡನಿಗೆ ಅಷ್ಟು ಸಾಕಾಯಿತು. ಅಣ್ಣ ಬಾಯಿ ತೆರೆದರೆ ಇವರ ತಲೆ ಕೆಳಗೆ ಮೇಲೆ ಆಡಲು ಶುರುವಾಗುತ್ತದೆ, ಮದುವೆಯಾದಂದಿನಿಂದ ನೋಡಿದ್ದೇನೆ. ಡಾಕ್ಟರ್ ಹೇಳಿದ್ದು ಬೇರೆಯಲ್ಲವಾ ಎಂದು ನಾನು ಕೇಳಿದ್ದಕ್ಕೆ, ಡಾಕ್ಟರರಿಗೆ ಹೇಳುವುದಕ್ಕೇನು, ನಮ್ಮ ಮಗಳ ಮದುವೆ ಅವರು ಮಾಡಿಸುತ್ತಾರಾ ಎಂದು ಇವರೇ ಹೇಳಿದರು. ಭಾವ ಹೊರಟು ಹೋದ ಮೇಲೆ ಜಗಳ ಎದ್ದಿತು. ಇಂಜೆಕ್ಷನಿನಿಂದ ಏನಾದರೂ ಹೆಚ್ಚುಕಡಿಮೆಯಾದರೆ ನೀನೇ ಹೊಣೆ ಎಂದರು ನನ್ನ ಗಂಡ. ಆಗಲಿ, ನಾನೇ ಹೊಣೆ, ಮಗು ಬದುಕಿದ್ದರೆ ತಾನೇ ಮದುವೆಯ ಮಾತು ಎಂದು ನಾನೂ ಗಟ್ಟಿಯಾಗಿಯೇ ಹೇಳಿದೆ. ಸೋಮವಾರ ನಾನೊಬ್ಬಳೇ ಅವಳನ್ನು ಕರೆದುಕೊಂಡು ಪುತ್ತೂರಿಗೆ ಹೋದೆ.

ಆ ಸೂಜಿ ನೋಡಿದವರಿಗೆ ಗೊತ್ತು. ಕುದಿಯುವ ನೀರಿನಿಂದ ಇಕ್ಕಳದಲ್ಲಿ ಎತ್ತಿ ತೆಗೆದು, ಗಾಜಿನ ದೊಡ್ಡ ಸಿರಿಂಜಿಗೆ ಸಿಕ್ಕಿಸಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ ಚುಚ್ಚುತ್ತಿದ್ದರು. ನೀಲಾವತಿ ನನ್ನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳುತ್ತಿದ್ದಳು. ವಾಪಸು ಬರುವ ಬಸ್ಸಿನಲ್ಲಿ ಕೂರಲಾರದೆ ನನ್ನ ತೊಡೆಯ ಮೇಲೆ ಮಲಗುತ್ತಿದ್ದಳು. ಬುಧವಾರದ ಹೊತ್ತಿಗೆ ಹೊಟ್ಟೆ ಕೆಂಪಾಗಿ ಬಾತುಕೊಂಡು ಲಂಗದ ದಾರ ಕಟ್ಟುವುದೂ ಕಷ್ಟವಾಯಿತು.

"ಅವ್ವ, ದೊಡ್ಡಪ್ಪ ಹೇಳಿದ್ದು ನಿಜವಾ? ನನ್ನ ಹೊಟ್ಟೆ ಹಾಳಾಗ್ತದಾ?" ಎಂದು ಅವಳು ಬಸ್ಸಿನಲ್ಲಿ ಕೇಳಿದಳು.

ಇಲ್ಲ ಮಗಾ ಎಂದೆ. ಅನ್ನುವಾಗ ನನಗೇ ಸಂಶಯ. ಗುರುವಾರ ನಾಲ್ಕನೆಯದ್ದು ಹಾಕಿಸಿ ಬಂದ ಮೇಲೆ ಅವಳಿಗೆ ಮೈ ಸುಡುವ ಜ್ವರ. ಸಾಕು ಮಾಡು, ನಾಲ್ಕು ಆಯಿತಲ್ಲ, ಅಣ್ಣ ಹೇಳಿದ್ದು ಸುಳ್ಳಾ ಎಂದು ನನ್ನ ಗಂಡ ಅಳುವವರ ಹಾಗೆ ಹೇಳಿದರು. ಆ ಸಂಜೆ ನಾನು ನಿಜವಾಗಿಯೂ ಅರ್ಧ ಮನಸ್ಸು ಮಾಡಿದ್ದೆ, ನಿಲ್ಲಿಸಿಬಿಡುವ ಎಂದು. ಇದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಒಂದು ದೊಡ್ಡ ಮನುಷ್ಯನ ಬಾಯಿಂದ ಬಂದ ಮಾತು ಮನೆಯೊಳಗೆ ಎಷ್ಟು ದಿನ ಕೂತು ಕೆಲಸ ಮಾಡುತ್ತದೆ ನೋಡಿ.

ಶುಕ್ರವಾರ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಮಿಲ್ಲಿನಿಂದ ತೌಡು ಹೇರಿಕೊಂಡು ಒಂದು ಲಾರಿ ಪುತ್ತೂರಿಗೆ ಹೊರಟಿತ್ತು. ಬಸ್ಸಿನ ನೂಕುನುಗ್ಗಲಿಗಿಂತ ಅದೇ ವಾಸಿ ಎಂದು ಮಗಳನ್ನು ಎತ್ತಿ ಅದರಲ್ಲಿ ಕೂರಿಸಿದೆ. ಹಾಗಾಗಿ ದಿನಾ ಹನ್ನೊಂದಕ್ಕೆ ಮುಟ್ಟುತ್ತಿದ್ದವರು ಅಂದು ಎಂಟೂವರೆಗೇ ಆಸ್ಪತ್ರೆ ತಲುಪಿದೆವು. ಅಂಗಳದ ಮರದ ಕೆಳಗೆ ಭಾವನ ಜೀಪು ನಿಂತಿತ್ತು.

ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣು ತುಂಬಿ ಬಂತು. ಮಗುವನ್ನು ನೋಡಲು ಬಂದಿದ್ದಾರೆ ಎಂದುಕೊಂಡೆ. ಹಾಗೆಲ್ಲ ಹೇಳಿದರೂ ಮನಸ್ಸು ತಡೆಯಲಿಲ್ಲ, ತಮ್ಮನ ಮಗಳಲ್ಲವಾ ಎಂದುಕೊಂಡೆ. ಐದು ದಿನದಿಂದ ಮನಸ್ಸಿನಲ್ಲೇ ಅವರಿಗೆ ಬೈದದ್ದಕ್ಕೆ ನಾಚಿಕೆಯಾಯಿತು. ಭಾವ ಜಗಲಿಯ ಬೆಂಚಿನ ಕೊನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಅವರ ಹತ್ತಿರ ಹೋಗಬೇಕು ಅನ್ನುವಷ್ಟರಲ್ಲಿ ಕಂಪೌಂಡರ್ ವೆಂಕಪ್ಪ ಬಾಗಿಲಿಗೆ ಬಂದು ಪುಸ್ತಕ ನೋಡಿ ಕರೆದ.

"ಮೇದಪ್ಪ ಗೌಡ. ಹತ್ತನೆಯದ್ದು."

ಭಾವ ಎದ್ದರು. ಎದ್ದು ತಿರುಗಿದಾಗ ನನ್ನನ್ನು ಕಂಡರು. ಅವರ ಕೈ ಆಗಲೇ ಅಂಗಿಯ ಗುಂಡಿಯ ಮೇಲಿತ್ತು.

ನಾನು ಓದಿದ್ದು ಐದನೆಯ ಕ್ಲಾಸು. ಆದರೆ ಹತ್ತರಿಂದ ಹಿಂದಕ್ಕೆ ಎಣಿಸಲು ಬರುತ್ತದೆ. ಇಂದು ಹತ್ತಾದರೆ, ಭಾನುವಾರ ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದ ದಿನ ಐದು. ಗುರುವಾರ ಭತ್ತ ತಂದ ದಿನ ಎರಡು. ಭತ್ತದ ಗೋಣಿಗಳ ನಡುವೆ ಇನ್ನೊಂದು ಗೋಣಿಯಲ್ಲಿ ಏನು ಬಂತು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಒಳಗೆ ಹೋಗಿ ಬಂದರು. ಅವರ ನಂತರ ನನ್ನ ಮಗಳು ಹೋಗಿ ಬಂದಳು. ಇಬ್ಬರ ಹೊಟ್ಟೆಗೂ ಅದೇ ಮದ್ದು. ಭಾವ ಬೇಗ ಬೇಗ ಜೀಪಿನ ಕಡೆ ಹೋಗುತ್ತಿದ್ದರು, ನಾನು ಅಡ್ಡ ನಿಂತೆ. ಮದುವೆಯಾಗಿ ಹದಿಮೂರು ವರ್ಷ, ಅಷ್ಟು ವರ್ಷದಲ್ಲಿ ಒಮ್ಮೆಯೂ ಅವರಿಗೆ ಎದುರು ಮಾತಾಡಿದವಳಲ್ಲ.

"ಬೆಕ್ಕು ನಿಮ್ಮದು," ಎಂದೆ.

ಮೆಲ್ಲಗೆ ಮಾತಾಡು, ಜನ ಇದ್ದಾರೆ ಎಂದರು. ಪಂಜದವರು, ಸುಳ್ಯದವರು ಎಲ್ಲ ಬೆಂಚಿನ ಮೇಲೆ ಇದ್ದರು, ನಿಜವೇ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ಅದು ಕಾಲಿನ ಮೀನಖಂಡಕ್ಕೆ ಕಚ್ಚಿತಂತೆ. ಇಲ್ಲಿಯ ಡಾಕ್ಟರರು ಬೆಕ್ಕನ್ನು ಕಟ್ಟಿ ಹಾಕಿ ನೋಡಿ ಎಂದರಂತೆ. ಕಟ್ಟಿ ಹಾಕಿದಲ್ಲಿಯೇ ಸತ್ತರೆ? ಬೆಕ್ಕು ಮನೆಯೊಳಗೆ ಸತ್ತರೆ ಆ ಮನೆ ಏಳಿಗೆಯಾಗುವುದಿಲ್ಲ, ಅದೂ ಕಟ್ಟಿದ ಹಗ್ಗದಲ್ಲಿ ಸತ್ತರೆ ಕೊಂದ ಹಾಗೆಯೇ. ಅದಕ್ಕೇ ಮಿಲ್ಲಿಗೆ ತಂದು ಬಿಟ್ಟರಂತೆ. ಕಾಡಿನ ಕಡೆ ಹೋಗುತ್ತದೆ ಎಂದುಕೊಂಡಿದ್ದರಂತೆ.

"ಹುಚ್ಚು ನಾಯಿಗೆ ಮಾತ್ರ ಹಿಡಿಯುದು ಅಂತ ನೀವು ನಂಬಿದ್ರಾ ಭಾವ?"

"ನಂಬಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?"

ಹಾಗೆ ಹೇಳಿ ಕೆಳಗೆ ನೋಡಿದರು. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಬೇಕು ಅನ್ನಿಸಿತು ನನಗೆ. ತಿಳಿಯದೆ ಹೇಳಿದ್ದರೆ ಕ್ಷಮಿಸಬಹುದಿತ್ತು. ಈ ಮನುಷ್ಯನಿಗೆ ಎಲ್ಲವೂ ಗೊತ್ತಿತ್ತು. ನನ್ನ ಮಗಳ ಗರ್ಭಕೋಶದ ಚಿಂತೆ ಇವರಿಗೆ ಇರಲಿಲ್ಲ. ಬೆಕ್ಕು ಯಾರದ್ದು ಎಂಬ ಪ್ರಶ್ನೆ ಏಳಬಾರದು, ಮೇದಪ್ಪ ಗೌಡರು ಹುಚ್ಚು ಬೆಕ್ಕನ್ನು ತಮ್ಮನ ಬಾಗಿಲಿಗೆ ತಂದು ಬಿಟ್ಟರು ಎಂಬ ಮಾತು ಹುಟ್ಟಬಾರದು, ಅಷ್ಟಕ್ಕಾಗಿ ಒಂಬತ್ತು ವರ್ಷದ ಮಗು ನೀರು ಕಂಡರೆ ಬೆಚ್ಚಿ ಬೆಚ್ಚಿ ಸಾಯಲಿ ಎಂದು ಬಿಟ್ಟಿದ್ದರು.

ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ಆ ಬೆಕ್ಕು ಕಚ್ಚಿದರೆ ಬಿಡುತ್ತಿರಲಿಲ್ಲ. ಇವರ ಕಾಲಿನಿಂದ ಅದನ್ನು ಬಿಡಿಸಿದವರು ಯಾರು?

"ಮನೆಯಲ್ಲಿ ಇನ್ಯಾರಿಗೆ ಕಚ್ಚಿದೆ?" ಎಂದು ಕೇಳಿದೆ.

ಅವರು ನನ್ನ ಬದಿಯಿಂದ ದಾಟಿ ಹೋಗಲು ನೋಡಿದರು. ನಾನು ಇನ್ನೊಮ್ಮೆ ಕೇಳಿದೆ, ಈ ಸಲ ಬೆಂಚಿನ ಮೇಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಆಗ, ಚೆನ್ನುಗೆ ಸ್ವಲ್ಪ ಎಂದರು. ಚೆನ್ನು ಅವರ ದನದ ಹಟ್ಟಿಯ ಕೆಲಸದವಳು. ಗಂಡ ತೀರಿಹೋದ ಮೇಲೆ ಹತ್ತು ಹನ್ನೆರಡು ವರ್ಷದಿಂದ ಅಲ್ಲಿಯೇ ದುಡಿಯುತ್ತಿದ್ದಳು. ಅವಳಿಗೆ ಎಷ್ಟು ಇಂಜೆಕ್ಷನ್ ಆಯಿತು ಎಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಭಾವ ಜೀಪಿನ ಕೀ ಹಿಡಿದ ಕೈಯನ್ನು ನೋಡುತ್ತಾ ನಿಂತರು.

ಈಗಲೇ ನಿಮ್ಮ ಮನೆಗೆ ಬಿಡಿ, ಇಲ್ಲದಿದ್ದರೆ ಈ ಬೆಂಚಿನ ಮೇಲೆ ಹತ್ತಿ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ ಎಂದೆ. ಹೇಳುತ್ತಿದ್ದೆ ಕೂಡ. ಅದು ಅವರಿಗೆ ಗೊತ್ತಾಗಿರಬೇಕು. ಕಂಪೌಂಡರ್ ಎಷ್ಟು ಹೊತ್ತಿನವರೆಗೆ ಇರುತ್ತಾನೆ ಎಂದು ಕೇಳಿ ಬಂದೆ, ಸಂಜೆ ಐದು ಎಂದ. ನೀಲಾವತಿಯನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡೆ. ಪಂಜ ದಾಟಿದ ಮೇಲೆ ಭಾವ, ನನಗೂ ಹೆದರಿಕೆಯಾಗಿತ್ತು ಪೂವಮ್ಮ ಎಂದು ರಸ್ತೆಗೆ ಹೇಳುವ ಹಾಗೆ ಹೇಳಿದರು. ಹೆದರಿಕೆಯಾದದ್ದಕ್ಕೇ ಅಲ್ಲವಾ ದಿನಾ ಜೀಪು ಹತ್ತಿ ಹೋದದ್ದು ಎಂದೆ. ಹೆದರಿಕೆಗೆ ಮದ್ದು ಹಾಕಿಸಿಕೊಳ್ಳುವುದು ಅವರು, ಧೈರ್ಯವನ್ನು ಹಂಚುವುದು ನಮಗೆ.

ಚೆನ್ನು ಹಟ್ಟಿಯ ಎದುರು ಕೂತು ದನಗಳಿಗೆ ಹುಲ್ಲು ತುಂಡು ಮಾಡುತ್ತಿದ್ದಳು. ಬಲಗೈಯ ಮಣಿಕಟ್ಟಿಗೆ ಹಳೆಯ ಬಟ್ಟೆಯ ಚೂರು ಸುತ್ತಿತ್ತು, ಅರಸಿನದ ಬಣ್ಣ ಹೊರಗೆ ಬಂದಿತ್ತು. ಜೀಪಿನಿಂದ ನಾನು ಇಳಿದದ್ದನ್ನು ಕಂಡು ಎದ್ದು ನಿಂತಳು. ಹೇಗೆ ಕಚ್ಚಿತು ಎಂದು ಕೇಳಿದೆ. ಧಣಿಗಳ ಕಾಲಿನಿಂದ ಎಳೆದು ತೆಗೆಯುವಾಗ ಎಂದಳು. ಹಾಗೆ ಹೇಳುವಾಗ ಅವಳಿಗೆ ಸ್ವಲ್ಪ ನಾಚಿಕೆ, ಎಷ್ಟೆಂದರೂ ತಾನು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಿಕೊಳ್ಳುವ ನಾಚಿಕೆ.

ಪುತ್ತೂರಿಗೆ ಹೋಗಬೇಕು, ಹೊರಡು ಎಂದೆ. ಅವಳು ನಕ್ಕಳು.

"ಬೆಕ್ಕು ಕಚ್ಚಿದ್ರೆ ಎಂತ ಆಗುದಿಲ್ಲ ಅಮ್ಮ. ಧಣಿಗಳೇ ಹೇಳಿದ್ದು."

ನಾನು ಭಾವನ ಕಡೆ ನೋಡಿದೆ. ಹೇಳಿ ಎಂದೆ. ಅವರು ಹೇಳಲಿಲ್ಲ. ತಪ್ಪಾಯಿತು ಎನ್ನಬೇಕಾಗಿರಲಿಲ್ಲ, ಹೋಗು ಚೆನ್ನು ಎಂದಿದ್ದರೆ ಸಾಕಿತ್ತು. ಅಷ್ಟಕ್ಕೂ ಬಾಯಿ ಬರಲಿಲ್ಲ. ಚೆನ್ನು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, ಕೆಲಸ ಉಂಟು ಎಂದು ಪುನಃ ಕೂರಲು ಹೊರಟಳು. ಧಣಿಯ ಮಾತನ್ನು ಬಿಟ್ಟು ನನ್ನ ಮಾತನ್ನು ಅವಳು ಯಾಕೆ ಕೇಳಬೇಕು?

ನಾನು ಹೋಗಿ ಭಾವನ ಅಂಗಿಯನ್ನು ಎತ್ತಿದೆ. ಗಂಡನ ಅಣ್ಣ, ಮನೆಯ ಹಿರಿಯ, ಅವರ ಮೈ ಮುಟ್ಟುವುದಿರಲಿ ನೆರಳಿಗೂ ಸರಿದು ನಿಲ್ಲುತ್ತಿದ್ದವಳು ನಾನು. ಹಟ್ಟಿಯ ಎದುರು, ಕೆಲಸದವಳ ಕಣ್ಣೆದುರು, ಎರಡು ಕೈಯಲ್ಲಿ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದೆ. ಹೊಕ್ಕುಳಿನ ಸುತ್ತ ಕೆಂಪು ಗಂಟುಗಳು, ಕೆಲವು ಒಣಗಿದ್ದು, ಇಂದಿನದ್ದರ ಮೇಲೆ ಅಯೊಡಿನ್ ಹಸಿಯಿತ್ತು.

ಚೆನ್ನು ಹತ್ತಿರ ಬಂದಳು. ಬೆರಳು ಚಾಚಿ, ಮುಟ್ಟದೆ, ತುಳುವಿನಲ್ಲಿ ಒಂದೊಂದಾಗಿ ಎಣಿಸಿದಳು. ಒಂಜಿ, ರಡ್ಡ್, ಮೂಜಿ. ಹತ್ತಕ್ಕೆ ಬಂದು ನಿಲ್ಲಿಸಿದಳು. ತನ್ನ ಮಣಿಕಟ್ಟನ್ನು ನೋಡಿಕೊಂಡಳು.

"ಹತ್ತು ದಿವಸವೂ ಜೀಪು ಹೊರಡುವಾಗ ಗೇಟು ತೆಗೆದು ಕೊಟ್ಟದ್ದು ನಾನೇ ಅಲ್ವಾ ಧಣಿ?"

ಭಾವ ಅಂಗಿ ಇಳಿಸಿಕೊಳ್ಳಲು ಕೈ ತಂದರು. ನಾನು ಬಿಡಲಿಲ್ಲ. ಚೆನ್ನು ಕೈಯ ಕತ್ತಿಯನ್ನು ಹುಲ್ಲಿನ ಮೇಲೆ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಅಂಗಳ ದಾಟಿ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.